ಮಂತ್ರಿಗಳಿಗೆ ಪ್ರಶ್ನೆ ಬರೆಯುವುದು ಹೇಗೆ: ‘ಗಮನಕ್ಕೆ ಬಂದಿದೆ’ ಎಂಬ ಉತ್ತರ ಸಾಕಾಗದವರಿಗೆ

ನಮ್ಮ ವಿಧಾನಮಂಡಲದ ಪ್ರಶ್ನೋತ್ತರದ ಕಾಗದಗಳನ್ನು ತಿರುವಿ ಹಾಕಿದರೆ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ. ‘ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?’ ಎದುರಿನ ಕಾಲಂನಲ್ಲಿ ಉತ್ತರ: ‘ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ವಹಿಸಲಾಗುವುದು.’ ಅಲ್ಲಿಗೆ ಮುಗಿಯಿತು. ಸದಸ್ಯರಿಗೆ ಸಿಕ್ಕಿದ್ದ ಒಂದು ಅವಕಾಶ ಹೋಯಿತು. ಊರಿನವರಿಗೆ ಹೊಸದಾಗಿ ಗೊತ್ತಾಗಿದ್ದು ಏನೂ ಇಲ್ಲ.

ನಾನು ಹಲವು ವರ್ಷ ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಆಪ್ತ ಸಹಾಯಕಿಯಾಗಿದ್ದೆ. ಅವರ ಪ್ರಶ್ನೆಗಳ ಕರಡು ಬರೆಯುವುದು, ಬಂದ ಉತ್ತರಗಳನ್ನು ಕಡತ ಮಾಡಿಡುವುದು ನನ್ನ ಕೆಲಸ. ಆ ಕೆಲಸ ಕಲಿಸಿದ್ದು ಇಷ್ಟು: ಅಧಿಕಾರಿಗಳು ಬುದ್ಧಿವಂತರು ಅಂತ ಹಾರಿಕೆಯ ಉತ್ತರ ಬರುವುದಿಲ್ಲ. ಹಾರಿಕೆಗೆ ಜಾಗ ಬಿಟ್ಟಿರುವುದು ಪ್ರಶ್ನೆಯೇ. ಹೊಸದಾಗಿ ಗೆದ್ದ ಶಾಸಕರು, ಅವರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ತಮ್ಮ ಊರಿನ ವಿಷಯ ಸದನಕ್ಕೆ ಹೋಗಲಿ ಎಂದುಕೊಂಡ ಜನ, ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು.

ಚುಕ್ಕೆ ಇರುವುದು, ಇಲ್ಲದ್ದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಗುರುತಿಲ್ಲದವು. ಯಾರ ಪ್ರಶ್ನೆ ಪಟ್ಟಿಯಲ್ಲಿ ಮೇಲೆ ಬರುತ್ತದೆ ಎಂಬುದು ಬ್ಯಾಲೆಟ್, ಅಂದರೆ ಲಾಟರಿ ಮೇಲೆ ಹೋಗುತ್ತದೆ. ಒಂದು ಗಂಟೆಯಲ್ಲಿ ಆ 20ರಲ್ಲಿ ಬಾಯಿಮಾತಿನ ಉತ್ತರಕ್ಕೆ ಬರುವುದು ಕೆಲವೇ. ನಮ್ಮ ವಿಧಾನಸಭೆ, ಪರಿಷತ್ತುಗಳಲ್ಲಿ ಸಂಖ್ಯೆ ಬೇರೆ, ಪದ್ಧತಿ ಹೆಚ್ಚು ಕಡಿಮೆ ಇದೇ.

ಹಾಗಾಗಿ ಚುಕ್ಕೆ ಗುರುತು ಸಿಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಲೆಕ್ಕ ಬೇಕಿದ್ದರೆ ಲಿಖಿತ ಉತ್ತರವೇ ಒಳ್ಳೆಯದು. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣ ಹೇಳಿ ಸಂಸತ್ತಿನ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಆಗಲೂ ಲಿಖಿತ ಉತ್ತರಗಳು ಬಂದವು. ಆದರೆ ಮಂತ್ರಿಯನ್ನು ಎಲ್ಲರ ಮುಂದೆ ನಿಲ್ಲಿಸಿ ‘ಯಾಕೆ’ ಎಂದು ಕೇಳುವ ಅವಕಾಶ ಆ ಅಧಿವೇಶನದಲ್ಲಿ ಹೋಯಿತು. ಅದು ಸಣ್ಣ ನಷ್ಟ ಅಲ್ಲ.

ಅವಧಿಯ ಲೆಕ್ಕ ತಪ್ಪಬೇಡಿ. ಸಂಸತ್ತಿನಲ್ಲಿ ಪೂರ್ತಿ 15 ದಿನ ಮೊದಲೇ ನೋಟಿಸ್ ಕೊಡಬೇಕು. ಯಾವ ಇಲಾಖೆಗೆ ಯಾವ ದಿನ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಸದನದ ಸಚಿವಾಲಯದಿಂದ ಅಧಿವೇಶನದ ಲಘು ಪ್ರಕಟಣೆ ಬಂದ ದಿನವೇ ಕೊನೆಯ ದಿನಾಂಕಗಳನ್ನು ಗೋಡೆಗೆ ಅಂಟಿಸಿ. ಅಧಿವೇಶನ ಕರೆದ ಮೇಲೆ ಪ್ರಶ್ನೆ ಹುಡುಕಲು ಕೂತರೆ ತಡವಾಯಿತು ಅಂತಲೇ ಲೆಕ್ಕ.

ಮೊದಲು ಕಾಗದ, ಆಮೇಲೆ ಪ್ರಶ್ನೆ

ಗೊತ್ತಿಲ್ಲದ್ದನ್ನು ತಿಳಿಯಲು ಪ್ರಶ್ನೆ ಕೇಳುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ಸದನದಲ್ಲಿ ಹಾಗಲ್ಲ. ಅರ್ಧದಷ್ಟಾದರೂ ನಿಮಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಗೆ ಹೇಳುತ್ತೀರಿ?

ಬಜೆಟ್ ಪುಸ್ತಕಗಳಿಂದ ಶುರು ಮಾಡಿ. ಮುಖ್ಯಮಂತ್ರಿಗಳ ಬಜೆಟ್ ಭಾಷಣ ಅಲ್ಲ, ಅದರ ಜೊತೆ ಕೊಡುವ ದಪ್ಪ ಸಂಪುಟಗಳು. ಅಲ್ಲಿ ಪ್ರತಿ ಸಾಲಿಗೂ ನಾಲ್ಕು ಅಂಕಿ ಇರುತ್ತವೆ: ಹಿಂದೆ ಮುಗಿದ ವರ್ಷದ ನಿಜವಾದ ಲೆಕ್ಕ, ಈ ವರ್ಷದ ಆಯವ್ಯಯ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಎರಡನೆಯದಕ್ಕಿಂತ ಮೂರನೆಯದು ಕಡಿಮೆ ಇದ್ದರೆ, ಘೋಷಿಸಿದ ಹಣವನ್ನು ವರ್ಷದ ಮಧ್ಯೆ ಕಡಿತ ಮಾಡಿದ್ದಾರೆ ಎಂದರ್ಥ. ಆ ಒಂದು ಸಾಲೇ ಒಂದು ಪ್ರಶ್ನೆ.

ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್‌ನಲ್ಲಿ ಪ್ರತಿ ವೆಚ್ಚಕ್ಕೆ ಕೊಟ್ಟ ಸಂಖ್ಯೆಯ ಗುರುತು, ಓದುವುದನ್ನೂ ಕಲಿಯಿರಿ. ಭಯ ಬೇಡ. ಮೊದಲ ನಾಲ್ಕು ಅಂಕಿ ನೋಡಿದರೆ ಬಹಳಷ್ಟು ತಿಳಿಯುತ್ತದೆ. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ: ಸಂಬಳ, ಸಹಾಯಧನ, ನಿರ್ವಹಣೆ ಇಂಥವು. 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ: ಕಟ್ಟಡ, ರಸ್ತೆ, ಸೇತುವೆ. 2202 ಸಾಮಾನ್ಯ ಶಿಕ್ಷಣ, 4202 ಶಿಕ್ಷಣದ ಬಂಡವಾಳ ವೆಚ್ಚ ಸೇರುವ ಶೀರ್ಷಿಕೆ. 3054 ರಸ್ತೆ ನಿರ್ವಹಣೆ, 5054 ಹೊಸ ರಸ್ತೆ, ಸೇತುವೆ. ದೇಶದ ಎಲ್ಲ ರಾಜ್ಯಗಳಲ್ಲೂ ಈ ನಾಲ್ಕು ಅಂಕಿ ಒಂದೇ. ‘ಹೊಸ ಕಟ್ಟಡ’ ಎಂದು ಹೇಳಿ 2ರಿಂದ ಶುರುವಾಗುವ ಶೀರ್ಷಿಕೆ ತೋರಿಸಿದ್ದಾರೆಯೇ? ಯಾಕೆ ಎಂದು ಕೇಳಿ. ಕಾರಣ ಇದ್ದರೆ ಹೇಳುತ್ತಾರೆ.

ಆಮೇಲೆ ಸರ್ಕಾರದ ಲೆಕ್ಕ ಪರಿಶೋಧನೆ ಮಾಡುವ ಸಿಎಜಿಯ ವರದಿ. ಸಂವಿಧಾನದ 151ನೇ ವಿಧಿಯಂತೆ ಅದು ಸದನದ ಮುಂದೆ ಬರಲೇಬೇಕು. ಪತ್ರಿಕೆಗಳಲ್ಲಿ ಒಂದು ದಿನ ಸುದ್ದಿಯಾಗಿ ಮರೆಯಾಗುತ್ತದೆ. ನೀವು ಮರೆಯಬೇಡಿ. ನಿಮ್ಮ ಜಿಲ್ಲೆಯ ಹೆಸರು ಬರುವ ಪ್ಯಾರಾಗಳನ್ನು ಗುರುತು ಹಾಕಿಡಿ. ಮಂಜೂರಾತಿ ಆದೇಶದ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದ ಗಡುವು ಇರುವುದರಿಂದ ಅಧಿವೇಶನಕ್ಕಿಂತ ಸಾಕಷ್ಟು ಮೊದಲೇ ಹಾಕಬೇಕು.

ಹಂಚಿಕೆ, ಬಿಡುಗಡೆ, ವೆಚ್ಚ, ಕೆಲಸ

ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಈ ನಾಲ್ಕನ್ನು ಬೇರೆ ಬೇರೆಯಾಗಿ ಕೇಳದ ಪ್ರಶ್ನೆಯಿಂದ ಉಪಯೋಗ ಕಡಿಮೆ.

ಹಂಚಿಕೆ ಎಂದರೆ ಬಜೆಟ್‌ನಲ್ಲಿ ಬರೆದಿಟ್ಟ ಹಣ. ಬಿಡುಗಡೆ ಎಂದರೆ ಆರ್ಥಿಕ ಇಲಾಖೆ ಒಪ್ಪಿ, ಕಂತಿನಲ್ಲಿ ನಿಜವಾಗಿ ಕೊಟ್ಟ ಹಣ. ವೆಚ್ಚ ಎಂದರೆ ಖಜಾನೆಯಿಂದ ಹೊರಗೆ ಹೋದ ಹಣ. ಕೆಲಸ ಎಂದರೆ ನೆಲದ ಮೇಲೆ ಎದ್ದ ಗೋಡೆ, ಊರಿಗೆ ಬಂದ ನೀರು. ಕಾಗದದಲ್ಲಿ ಇದಕ್ಕೆ ಭೌತಿಕ ಪ್ರಗತಿ ಎನ್ನುತ್ತಾರೆ.

ಮಂತ್ರಿಗಳು ಹೇಳಲು ಇಷ್ಟಪಡುವ ಅಂಕಿ ಮೊದಲನೆಯದು. ‘ಇಷ್ಟು ಕೋಟಿ ಮೀಸಲಿಟ್ಟಿದ್ದೇವೆ’ ಎಂದಾಗ ಸದನದಲ್ಲಿ ಮೇಜು ಕುಟ್ಟುತ್ತಾರೆ. ಇಲಾಖೆಗಳು ಹೇಳಲು ಇಷ್ಟಪಡುವುದು ಮೂರನೆಯದು. ‘ಶೇಕಡ ಇಷ್ಟು ಆರ್ಥಿಕ ಪ್ರಗತಿ ಸಾಧಿಸಲಾಗಿದೆ.’ ಆದರೆ ಹಣ ಖಜಾನೆಯಿಂದ ಹೊರಗೆ ಹೋದ ಮಾತ್ರಕ್ಕೆ ಕೆಲಸ ಆಗಿದೆ ಎಂದೇನಿಲ್ಲ. ಮಾರ್ಚ್ ಕೊನೆಯಲ್ಲಿ ಅನುದಾನ ವಾಪಸ್ ಹೋಗಬಾರದು ಎಂದು ಹಣವನ್ನು ವೈಯಕ್ತಿಕ ಠೇವಣಿ ಖಾತೆಗೋ (ಹೆಸರು ಹಾಗಿದ್ದರೂ ಇದು ಅಧಿಕಾರಿಯ ಹುದ್ದೆಯ ಹೆಸರಿನ ಸರ್ಕಾರಿ ಖಾತೆ) ಕಾಮಗಾರಿ ಮಾಡುವ ಸಂಸ್ಥೆಗೋ ವರ್ಗಾಯಿಸುವುದುಂಟು. ಪುಸ್ತಕದಲ್ಲಿ ಅದು ವೆಚ್ಚ. ಊರಿನಲ್ಲಿ ಇನ್ನೂ ಗುದ್ದಲಿ ಪೂಜೆಯೂ ಆಗಿರುವುದಿಲ್ಲ. ರಾಜ್ಯಗಳ ಹಣಕಾಸಿನ ಕುರಿತ ಸಿಎಜಿ ವರದಿಗಳಲ್ಲಿ ಠೇವಣಿ ಖಾತೆಗಳಲ್ಲಿ ಉಳಿದ ಹಣ, ಇನ್ನೂ ಬಾರದ ‘ಹಣ ಬಳಕೆ ಪ್ರಮಾಣಪತ್ರ’ಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಓದಿದವರು ‘ವೆಚ್ಚ ಎಷ್ಟು’ ಎಂದು ಕೇಳಿ ನಿಲ್ಲಿಸುವುದಿಲ್ಲ. ‘ಹಣ ಬಳಕೆ ಪ್ರಮಾಣಪತ್ರ ಬಂದಿರುವುದು ಎಷ್ಟಕ್ಕೆ’ ಎಂದೂ ಸೇರಿಸುತ್ತಾರೆ.

ಪರಿಶಿಷ್ಟ ಜಾತಿ, ಪಂಗಡದವರಿಗೆಂದೇ ಬಜೆಟ್‌ನಲ್ಲಿ ತೆಗೆದಿಡುವ ಪಾಲು, ಅಂದರೆ ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಯ ಹಣದ ಪ್ರಶ್ನೆಗೂ ಇದೇ ಎಚ್ಚರ ಬೇಕು. 2013ರಲ್ಲಿ ನಮ್ಮ ರಾಜ್ಯ ಇದಕ್ಕೆಂದೇ ಕಾಯ್ದೆ ಮಾಡಿತು. ಆದರೆ ಅದರ 7(ಡಿ) ಕಲಂ, ಎಲ್ಲರಿಗೂ ಆಗುವ ಕಾಮಗಾರಿಯಲ್ಲಿ ಒಂದು ಪಾಲನ್ನು ಈ ಜನರಿಗೇ ಮಾಡಿದ ವೆಚ್ಚ ಎಂದು ಪರಿಗಣಿಸಲು ದಾರಿ ಕೊಟ್ಟಿತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು. ಒಟ್ಟು ಮೊತ್ತ ಮಾತ್ರ ಕೇಳಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಯಾವ ಕಾಮಗಾರಿಗೆ, ಯಾವ ಶೀರ್ಷಿಕೆಯಲ್ಲಿ, ಫಲಾನುಭವಿಗಳು ಎಷ್ಟು ಎಂದು ಬಿಡಿಸಿ ಕೇಳಿದವರಿಗೆ ಕಾಣುತ್ತದೆ.

ಪ್ರಶ್ನೆ ಕಟ್ಟುವುದು

ಶಾಲಾ ಕೊಠಡಿಗಳ ವಿಷಯವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಸರ್ಕಾರಿ ಶಾಲಾ ಕೊಠಡಿಗಳು ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಇದಕ್ಕೆ ‘ಬಂದಿದೆ’ ಎಂದರೆ ಉತ್ತರ ಮುಗಿಯಿತು. ಗಮನಕ್ಕೆ ಬಂತೋ ಇಲ್ಲವೋ ಕಟ್ಟಿಕೊಂಡು ನಮಗೇನು? ನಾನಾದರೆ ಹೀಗೆ ಬರೆಯುತ್ತಿದ್ದೆ:

(ಅ) ಇಂಥ ತಾಲ್ಲೂಕಿನಲ್ಲಿ 2022-23ರಿಂದ 2024-25ರವರೆಗೆ ಮಂಜೂರಾದ ಸರ್ಕಾರಿ ಪ್ರಾಥಮಿಕ ಶಾಲಾ ಕೊಠಡಿಗಳೆಷ್ಟು? (ಶಾಲಾವಾರು, ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕದೊಂದಿಗೆ ವಿವರ ನೀಡುವುದು)

(ಆ) ಪ್ರತಿ ಕಾಮಗಾರಿಗೆ ಹಂಚಿಕೆಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಮೊತ್ತವೆಷ್ಟು? ಯಾವ ಲೆಕ್ಕ ಶೀರ್ಷಿಕೆಯಡಿ?

(ಇ) ಪೂರ್ಣಗೊಂಡು ಶಾಲೆಗೆ ಹಸ್ತಾಂತರವಾದ ಕೊಠಡಿಗಳು ಯಾವುವು? ಹಸ್ತಾಂತರವಾದ ದಿನಾಂಕವೇನು?

(ಈ) ಹಸ್ತಾಂತರವಾಗದ ಪ್ರತಿ ಕೊಠಡಿಗೂ ವಿಳಂಬಕ್ಕೆ ಕಾರಣವೇನು? ಯಾವ ದಿನಾಂಕದೊಳಗೆ ಪೂರ್ಣಗೊಳಿಸಲಾಗುವುದು?

ಇಲ್ಲಿ ‘ಹೌದು’, ‘ಇಲ್ಲ’ ಎಂದು ತಪ್ಪಿಸಿಕೊಳ್ಳುವ ಸಾಲು ಒಂದೂ ಇಲ್ಲ. ‘ಪೂರ್ಣಗೊಂಡಿದೆ’ ಎಂಬುದರ ಬದಲು ‘ಹಸ್ತಾಂತರ’ ಕೇಳಿದ್ದನ್ನು ಗಮನಿಸಿ. ಹಸ್ತಾಂತರಕ್ಕೆ ಒಂದು ದಿನಾಂಕ ಇರುತ್ತದೆ, ಸಹಿ ಮಾಡಿದ ಕಾಗದ ಇರುತ್ತದೆ, ಮುಖ್ಯ ಶಿಕ್ಷಕರಿಗೆ ಅದು ಗೊತ್ತಿರುತ್ತದೆ.

ಒಂದೇ ತಾಲ್ಲೂಕು ಸಾಕೇ ಎಂದು ಕೆಲವರು ಕೇಳುತ್ತಾರೆ. ಇಡೀ ರಾಜ್ಯದ ವಿವರ ಕೇಳಿದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬರುವ ಸಾಧ್ಯತೆ ಜಾಸ್ತಿ. ಅದು ಸುಳ್ಳೂ ಅಲ್ಲ, ಸಾವಿರಾರು ಶಾಲೆಗಳಿಂದ ತರಿಸಬೇಕು. ಒಂದು ತಾಲ್ಲೂಕು, ಮೂರು ವರ್ಷ ಎಂದು ಕಟ್ಟಿದರೆ ಅವರು ಕೊಡಲೇಬೇಕು, ನೀವು ತಾಳೆ ನೋಡಲೂ ಬಹುದು.

ಪ್ರಶ್ನೆಯಲ್ಲಿ ಸಿಟ್ಟು ಬೇಡ. ಅಭಿಪ್ರಾಯ, ವಾದ, ಆರೋಪ, ಊಹೆ ಇದ್ದರೆ ನಿಯಮದ ಪ್ರಕಾರವೇ ತಳ್ಳಿಹಾಕುತ್ತಾರೆ. ನ್ಯಾಯಾಲಯದ ಮುಂದಿರುವ ವಿಷಯವೂ ಆಗುವುದಿಲ್ಲ. ಲೋಕಸಭೆಯಲ್ಲಿ ಪ್ರಶ್ನೆ 150 ಪದ ಮೀರಬಾರದು. ಇನ್ನು, ವಿಷಯ ರಾಜ್ಯದ್ದೋ ಕೇಂದ್ರದ್ದೋ ನೋಡಿಕೊಳ್ಳಿ. ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತಿದೆ ಎಂದು ವಿಧಾನಸಭೆಯಲ್ಲಿ ಕೇಳಿದರೆ ಕೇಂದ್ರದ ಕಡೆ ಕೈ ತೋರಿಸುತ್ತಾರೆ. ಅದೇ ಕೆಳಸೇತುವೆಗೆ ರಾಜ್ಯ ಕೊಡಬೇಕಾದ ಪಾಲಿನ ಹಣ ಕೊಟ್ಟಿದೆಯೇ ಎಂದು ಕೇಳಿ. ಆಗ ಅದು ನಮ್ಮ ಸದನದ ಪ್ರಶ್ನೆ.

ಆಡಳಿತ ಪಕ್ಷದವರು ಇಂಥ ಪ್ರಶ್ನೆ ಕೇಳಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1957ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮುಂದ್ರಾ ಪ್ರಕರಣ ಎತ್ತಿದ ಫಿರೋಜ್ ಗಾಂಧಿ ಕಾಂಗ್ರೆಸ್ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ. ಹೊಸದಾಗಿ ಹುಟ್ಟಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತ್ತು. ಫಿರೋಜ್ ಗಾಂಧಿ ಹಿಡಿದುಕೊಂಡಿದ್ದು ಲೆಕ್ಕವನ್ನು: ಯಾವ ಷೇರು, ಯಾವ ದರ, ಯಾರು ಒಪ್ಪಿದ್ದು. ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಸದನದೊಳಗೆ

ಮಂತ್ರಿ ಎದ್ದು ‘ಉತ್ತರವನ್ನು ಒದಗಿಸಲಾಗಿದೆ’ ಎನ್ನುತ್ತಾರೆ. ಅಲ್ಲಿಂದ ಉಪಪ್ರಶ್ನೆ ನಿಮ್ಮದು. ಬಹಳ ಸದಸ್ಯರು ಇಲ್ಲಿ ಭಾಷಣ ಶುರು ಮಾಡುತ್ತಾರೆ. ಸಮಸ್ಯೆಯ ಹಿನ್ನೆಲೆ, ತಮ್ಮ ಹೋರಾಟ, ಹಿಂದಿನ ಸರ್ಕಾರ. ಅಷ್ಟರಲ್ಲಿ ಪೀಠದಿಂದ ಗಂಟೆ. ಮಂತ್ರಿಗೂ ಸಮಾಧಾನ, ಯಾಕೆಂದರೆ ಭಾಷಣಕ್ಕೆ ಭಾಷಣದಲ್ಲೇ ಉತ್ತರ ಕೊಡಬಹುದು.

ಉಪಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ. ಪ್ರತಿಯೊಂದೂ ಒಂದೇ ಉಸಿರಿನಲ್ಲಿ ಹೇಳುವಷ್ಟಿರಲಿ. ಉತ್ತರದ ಜೊತೆ ಕೊಡುವ ಅನುಬಂಧದ ಪುಟ ಮತ್ತು ಕ್ರಮ ಸಂಖ್ಯೆ ಹೇಳಿ ಕೇಳಿ, ಆಗ ಮಾತು ಬೇರೆ ಕಡೆ ಹೋಗುವುದಿಲ್ಲ.

ಒಮ್ಮೆ ನಾವು ಹಾಸ್ಟೆಲ್ ಕಟ್ಟಡಗಳ ಬಗ್ಗೆ ಕೇಳಿದ್ದೆವು. ಬಂದ ಅನುಬಂಧದಲ್ಲಿ ನಮ್ಮ ಭಾಗದ ಹಾಸ್ಟೆಲ್‌ಗಳ ಎದುರು ಸಾಲಾಗಿ ‘ಪೂರ್ಣಗೊಂಡಿದೆ’ ಎಂದಿತ್ತು. ಪ್ರತಿ ಕೈಗೆ ಬಂದ ಕೂಡಲೇ ನಾನು ಆ ಊರುಗಳ ಪರಿಚಯದವರಿಗೆ ಫೋನ್ ಹಚ್ಚಿದೆ. ಒಂದು ಕಡೆ ಮಕ್ಕಳು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದರು. ಚೀಟಿ ಬರೆದು ಒಳಗೆ ಕಳಿಸಿದೆ. ನಮ್ಮ ಸದಸ್ಯರು ‘ಸುಳ್ಳು ಉತ್ತರ’ ಎಂದು ಕೂಗಾಡಲಿಲ್ಲ. ‘ಸನ್ಮಾನ್ಯ ಸಭಾಪತಿಗಳೇ, ಈ ಕ್ರಮ ಸಂಖ್ಯೆಯ ಹಾಸ್ಟೆಲ್‌ಗೆ ಬಾಡಿಗೆ ಕಟ್ಟುವುದನ್ನು ಯಾವ ತಿಂಗಳಿಂದ ನಿಲ್ಲಿಸಿದ್ದಾರೆ ಎಂದು ಮಾನ್ಯ ಸಚಿವರು ತಿಳಿಸಲಿ’ ಎಂದಷ್ಟೇ ಕೇಳಿದರು. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿ ಕಡೆ ನೋಡಿದರು. ಅಲ್ಲಿಂದ ಚೀಟಿ ಬರಲಿಲ್ಲ. ‘ಪರಿಶೀಲಿಸಿ ವರದಿ ತರಿಸಿ ಕೊಡುತ್ತೇನೆ’ ಎಂದರು. ನಮಗೆ ಬೇಕಿದ್ದ ಮಾತು ಅದೇ.

ಉತ್ತರ ಬಂದ ಮೇಲೆ

ಯಾಕೆ ಬೇಕಿತ್ತು ಎಂದರೆ, ಸದನದಲ್ಲಿ ಮಂತ್ರಿ ‘ಪರಿಶೀಲಿಸುತ್ತೇನೆ’, ‘ಮಾಹಿತಿ ತರಿಸುತ್ತೇನೆ’ ಎಂದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಅದರ ಬೆನ್ನು ಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಂಸತ್ತಿನಲ್ಲಿ ಇದಕ್ಕೆ 3 ತಿಂಗಳ ಗಡುವು. ಎಷ್ಟೋ ಸದಸ್ಯರು ಇಂಥ ಉತ್ತರ ಸಿಕ್ಕರೆ ಸೋತೆವು ಎಂದುಕೊಂಡು ಕಡತ ಮುಚ್ಚುತ್ತಾರೆ. ಹಾಗೆ ಮಾಡಬೇಡಿ. ದಿನಾಂಕ, ಮಂತ್ರಿಯ ಮಾತು ಇದ್ದ ಹಾಗೇ ಬರೆದು ಸಮಿತಿಗೆ ಪತ್ರ ಹಾಕಿ. ಮುಂದಿನ ಅಧಿವೇಶನದಲ್ಲಿ ‘ಇಂಥ ದಿನ ಕೊಟ್ಟ ಭರವಸೆ ಏನಾಯಿತು’ ಎಂಬುದೇ ಪ್ರಶ್ನೆ.

ಉತ್ತರ ಅರ್ಧಂಬರ್ಧ ಇದ್ದರೆ ಅರ್ಧ ಗಂಟೆ ಚರ್ಚೆಗೆ ನೋಟಿಸ್ ಕೊಡಬಹುದು. ಬೇಕೆಂದೇ ತಪ್ಪು ಮಾಹಿತಿ ಕೊಟ್ಟಿದ್ದು ದಾಖಲೆ ಸಮೇತ ಸಿಕ್ಕರೆ ಹಕ್ಕುಚ್ಯುತಿ. ಆದರೆ ಅದನ್ನು ಮಾತು ಮಾತಿಗೂ ಎತ್ತಿದರೆ ಬೆಲೆ ಹೋಗುತ್ತದೆ. ಮೊದಲು ತಿದ್ದಿದ ಉತ್ತರ ಕೇಳಿ.

ಹಣದ ದೊಡ್ಡ ಪ್ರಶ್ನೆಗಳಿಗೆ ಪ್ರಶ್ನೋತ್ತರ ವೇಳೆ ಸಾಲದು. ಬಜೆಟ್ ಅಧಿವೇಶನದಲ್ಲಿ ಇಲಾಖಾವಾರು ಅನುದಾನ ಬೇಡಿಕೆಗಳ ಮೇಲೆ ಚರ್ಚೆ ಇರುತ್ತದೆ. ಆಗ ಇಲಾಖೆಯ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕು ಎಂದೋ, ಅದರಲ್ಲಿ 100 ರೂಪಾಯಿ ಕಡಿಮೆ ಮಾಡಬೇಕು ಎಂದೋ ಸೂಚನೆ ಕೊಡಬಹುದು. 1 ರೂಪಾಯಿಯದು ಇಡೀ ನೀತಿಗೆ ವಿರೋಧ, 100 ರೂಪಾಯಿಯದು ಒಂದು ನಿರ್ದಿಷ್ಟ ದೂರು. ಇನ್ನು ಸಿಎಜಿ ವರದಿಗಳನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸಂಸತ್ತಿನಲ್ಲಿ 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯವಿದೆ. ಅಲ್ಲಿ ಟಿವಿ ಕ್ಯಾಮೆರಾ ಇಲ್ಲ, ಗದ್ದಲ ಇಲ್ಲ. ಕಾರ್ಯದರ್ಶಿಗಳೇ ಎದುರು ಕೂತು ಉತ್ತರ ಕೊಡಬೇಕು. ನನ್ನ ಪ್ರಕಾರ ಒಬ್ಬ ಶಾಸಕ ನಿಜವಾಗಿ ಆಡಳಿತ ಕಲಿಯುವ ಜಾಗ ಅದು. ಅವಕಾಶ ಸಿಕ್ಕರೆ ನಿಗಮ ಮಂಡಳಿ ಬಿಟ್ಟು ಅದನ್ನು ಕೇಳಿ ಪಡೆಯಿರಿ.

ನೀವು ಶಾಸಕರಲ್ಲದಿದ್ದರೆ

ನಿಮ್ಮ ಶಾಸಕರ ಮೂಲಕ ಪ್ರಶ್ನೆ ಕೇಳಿಸಬಹುದು. ಅವರೇ ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ಪರಿಷತ್ತಿನ ಸದಸ್ಯರ ಬಳಿ ಹೋಗಿ. ಪರಿಷತ್ತಿನ 75 ಸದಸ್ಯರಲ್ಲಿ 7 ಜನ ಪದವೀಧರ ಕ್ಷೇತ್ರದವರು, 7 ಜನ ಶಿಕ್ಷಕರ ಕ್ಷೇತ್ರದವರು, 25 ಜನ ಸ್ಥಳೀಯ ಸಂಸ್ಥೆಗಳಿಂದ ಬಂದವರು. ಶಾಲೆಯ ವಿಷಯ ಶಿಕ್ಷಕರ ಕ್ಷೇತ್ರದವರಿಗೆ, ಪಂಚಾಯಿತಿಯ ಹಣದ ವಿಷಯ ಸ್ಥಳೀಯ ಸಂಸ್ಥೆಗಳ ಕ್ಷೇತ್ರದವರಿಗೆ ಕೊಟ್ಟರೆ ಬೇಗ ಕಿವಿಗೆ ಬೀಳುತ್ತದೆ. ಪ್ರಶ್ನೆ ಕೇಳಲು ಯಾರಾದರೂ ದುಡ್ಡಿನ ಮಾತೆತ್ತಿದರೆ ಎದ್ದು ಬನ್ನಿ. ಪ್ರಶ್ನೆಗಾಗಿ ಹಣ ಪಡೆದದ್ದಕ್ಕೆ 2005ರ ಡಿಸೆಂಬರ್‌ನಲ್ಲಿ ಸಂಸತ್ತು ತನ್ನ 11 ಸದಸ್ಯರನ್ನೇ ಹೊರಹಾಕಿದೆ.

ಹತ್ತು ಪುಟದ ಮನವಿ ಯಾರೂ ಓದುವುದಿಲ್ಲ. ಒಂದೇ ಪುಟ ಬರೆಯಿರಿ. ಮೇಲೆ ಎರಡು ಸಾಲಿನಲ್ಲಿ ವಿಷಯ, ಕೆಳಗೆ ಅ, ಆ, ಇ, ಈ ಎಂದು ಪ್ರಶ್ನೆಯನ್ನು ನೀವೇ ಬರೆದುಬಿಡಿ. ನನ್ನಂಥ ಸಹಾಯಕರಿಗೆ ಅದು ದೊಡ್ಡ ಉಪಕಾರ, ನಿಮ್ಮ ಪ್ರಶ್ನೆ ಹೋಗುವ ಸಾಧ್ಯತೆಯೂ ಜಾಸ್ತಿ. ಮಂಜೂರಾತಿ ಆದೇಶದ ಪ್ರತಿ, ದಿನಾಂಕವಿರುವ ಫೋಟೊ, ನಿಮ್ಮ ಫೋನ್ ನಂಬರ್ ಜೊತೆಗಿರಲಿ. ಉಪಪ್ರಶ್ನೆಯ ಹೊತ್ತಿಗೆ ಫೋನ್ ಬಂದರೆ ಎತ್ತಿ. ಉತ್ತರದ ಪ್ರತಿ ಕೇಳಿ ಪಡೆಯಿರಿ, ಅನುಬಂಧ ಬಿಡಬೇಡಿ. ಅದನ್ನು ಹಿಡಿದು ಸ್ಥಳಕ್ಕೆ ಹೋಗಿ, ಒಂದೊಂದೇ ಸಾಲು ತಾಳೆ ನೋಡಿ, ತಪ್ಪಿರುವ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಮುಂದಿನ ಅಧಿವೇಶನದ ನೋಟಿಸ್ ಅವಧಿ ಶುರುವಾಗುವ ಮೊದಲು ಅದೇ ಸದಸ್ಯರಿಗೆ ವಾಪಸ್ ತಲುಪಿಸಿ.